ದಿನಕ್ಕೆ ಕೆಲವೇ ರೈಲಿರುವ ದಾರಿಯಿಂದ ಶುರುಮಾಡಿ: ಚಳಿಗಾಲದ ಕೊನೆಗೆ ಪ್ರಾಗ್‌ನಿಂದ ಟ್ರಿಯೆಸ್ಟೆಗೆ, ಕಾರಿಲ್ಲದೆ

ಚೆಕ್, ಸ್ಲೊವಾಕಿಯಾ, ಹಂಗೆರಿ, ಆಸ್ಟ್ರಿಯಾ, ಸ್ಲೊವೇನಿಯಾ, ಇಟಲಿ. ಒಂದಕ್ಕೊಂದು ಬೇಲಿ ಹಂಚಿಕೊಂಡ ಆರು ದೇಶ, ಹದಿನೇಳು ರಾತ್ರಿ, ಫೆಬ್ರವರಿ ಕೊನೆಯ ವಾರದಿಂದ ಮಾರ್ಚ್ ನಡುಭಾಗದವರೆಗೆ. ಓಡಾಟವೆಲ್ಲ ರೈಲು, ಬಸ್ಸು, ಕಾಲ್ನಡಿಗೆಯಲ್ಲಿ. ಯೋಜನೆಗೆಂದು ಕೂತಾಗ ಮೊದಲ ಹಾಳೆಯಲ್ಲಿ ಬಂದದ್ದು ರಾಜಧಾನಿಗಳ ಹೆಸರು ಮತ್ತು ಅವುಗಳ ನಡುವೆ ಗೆರೆ. ಅದನ್ನು ಬದಿಗಿಟ್ಟು ಎರಡನೇ ಹಾಳೆಯನ್ನು ತಿರುವುಮುರುವು ಬರೆಯಬೇಕಾಯಿತು. ಪ್ರಾಗ್–ವಿಯೆನ್ನಾ ಅಥವಾ ವಿಯೆನ್ನಾ–ಬುಡಾಪೆಸ್ಟ್ ದಾರಿಯಲ್ಲಿ ಒಂದು ರೈಲು ತಪ್ಪಿದರೆ ಒಂದೆರಡು ಗಂಟೆಯಲ್ಲಿ ಇನ್ನೊಂದು ಬರುತ್ತದೆ. ಅಲ್ಲಿ ಯೋಚಿಸುವುದಕ್ಕೆ ಹೆಚ್ಚೇನೂ ಇಲ್ಲ. ಆಸ್ಟ್ರಿಯಾದ ಗ್ರಾಜ್‌ನಿಂದ ಗಡಿ ದಾಟಿ ಸ್ಲೊವೇನಿಯಾದ ಮಾರಿಬೊರ್‌ಗೆ, ಸ್ಲೊವೇನಿಯಾದೊಳಗೇ ಯೆಸೆನಿತ್ಸೆಯಿಂದ ಬೆಟ್ಟ ಸೀಳಿಕೊಂಡು ನೋವಾ ಗೊರಿತ್ಸಾಗೆ ಹೋಗುವ ನೇರ ರೈಲುಗಳನ್ನು ಮಾತ್ರ ಬೆರಳಲ್ಲಿ ಎಣಿಸಬಹುದು. ಇಡೀ ಪ್ರಯಾಣ ಯಾವ ದಿನ, ಯಾವ ಗಂಟೆಗೆ ಎಲ್ಲಿರಬೇಕು ಎಂಬುದನ್ನು ಈ ವಿರಳ ದಾರಿಗಳು ತೀರ್ಮಾನಿಸುತ್ತವೆ. ಅವನ್ನು ಮೊದಲು ಕ್ಯಾಲೆಂಡರಿನಲ್ಲಿ ಕೂರಿಸಿ, ಉಳಿದದ್ದನ್ನು ಸುತ್ತ ಜೋಡಿಸಿದರೆ ಕೆಲಸ ಸಲೀಸು. ಉಲ್ಟಾ ಮಾಡಿದರೆ ಹದಿಮೂರನೇ ದಿನ ಗಡಿಯ ಸಣ್ಣ ನಿಲ್ದಾಣದಲ್ಲಿ ನಾಲ್ಕು ಗಂಟೆ ಕಾಯುವುದು ಗ್ಯಾರಂಟಿ.

ದಿಕ್ಕು ಉತ್ತರದಿಂದ ದಕ್ಷಿಣಕ್ಕೆ ಇರಲಿ. ಫೆಬ್ರವರಿ ಕೊನೆಗೆ ಪ್ರಾಗ್‌ನಲ್ಲಿ ಬೆಳಗಾಗುವುದು 7ಕ್ಕೆ ಸ್ವಲ್ಪ ಮೊದಲು, ಸೂರ್ಯ ಮುಳುಗುವುದು ಸಂಜೆ 5.40ರ ಹೊತ್ತಿಗೆ. ಮಾರ್ಚ್ ನಡುಭಾಗಕ್ಕೆ ಟ್ರಿಯೆಸ್ಟೆಯಲ್ಲಿ 6 ದಾಟಿದ ಮೇಲೂ ಬೆಳಕಿರುತ್ತದೆ. ಹದಿನೇಳು ದಿನಗಳಲ್ಲಿ ಹಗಲು ಸುಮಾರು ಒಂದು ಗಂಟೆ ಹಿಗ್ಗುತ್ತದೆ, ಚಳಿ ಹಿಂದೆ ಸರಿಯುತ್ತದೆ, ದಾರಿ ಸಮುದ್ರದ ಕಡೆಗೆ ಇಳಿಯುತ್ತದೆ. ಎದುರು ದಿಕ್ಕಿನಲ್ಲಿ ಹೊರಟರೆ ಋತು ಮುಂದೆ ಹೋದಷ್ಟೂ ನಾವು ಚಳಿಯ ಕಡೆಗೇ ಹೋಗುತ್ತೇವೆ, ಋತುವಿನ ಲಾಭ ಕೈತಪ್ಪುತ್ತದೆ. ವಿಮಾನವೂ ಹಾಗೆಯೇ: ಪ್ರಾಗ್‌ಗೆ ಇಳಿದು ವೆನಿಸ್‌ನಿಂದ ಅಥವಾ ಟ್ರಿಯೆಸ್ಟೆಯಿಂದ ಹೊರಡುವ ಟಿಕೆಟ್ ನೋಡಬೇಕು. ಹೋದ ಊರಿಗೇ ವಾಪಸ್ ಬರಬೇಕಾದರೆ ಒಂದು ಇಡೀ ಹಗಲು ರೈಲಿನಲ್ಲೇ ಕಳೆಯುತ್ತದೆ. ಅದರ ಜೊತೆಗೆ ಒಂದು ರಾತ್ರಿಯ ಬಾಡಿಗೆಯನ್ನೂ ಲೆಕ್ಕ ಹಾಕಿದರೆ ಎರಡು ಊರಿನ ಟಿಕೆಟ್ಟೇ ಅನೇಕ ಸಲ ಅಗ್ಗ.

ದಿನಾಂಕ ಗುರುತಿಸುವ ಮೊದಲು ಈ ಭಾಗದ ಚಳಿಗಾಲದ ಕೊನೆಯ ಹಬ್ಬಗಳನ್ನು ಕ್ಯಾಲೆಂಡರಿನಲ್ಲಿ ಬರೆದುಕೊಳ್ಳಿ. ಈಸ್ಟರ್‌ಗೆ 47 ದಿನ ಮೊದಲು ಬರುವ ಮಂಗಳವಾರಕ್ಕೆ ಕಾರ್ನಿವಲ್ ಮುಗಿಯುತ್ತದೆ. 2027ರಲ್ಲಿ ಈಸ್ಟರ್ ಮಾರ್ಚ್ 28ಕ್ಕೆ, ಅಂದರೆ ಆ ಮಂಗಳವಾರ ಫೆಬ್ರವರಿ 9. ಅದಕ್ಕೆ ಹಿಂದಿನ ದಿನಗಳಲ್ಲಿ ವಿಯೆನ್ನಾದಲ್ಲಿ ಬಾಲ್ ನೃತ್ಯಗಳ ಋತು, ಹಂಗೆರಿಯ ಮೊಹಾಚ್‌ನಲ್ಲಿ ಮರದ ಮುಖವಾಡದ ಬುಷೋಗಳು, ಸ್ಲೊವೇನಿಯಾದ ಪ್ತುಯ್‌ನಲ್ಲಿ ಕುರಿಯ ತುಪ್ಪಳ ತೊಟ್ಟು ಗಂಟೆ ಬಾರಿಸುವ ಕುರೆಂಟ್‌ಗಳು. ಬುಷೋ ಆಚರಣೆ 2009ರಲ್ಲಿ, ಕುರೆಂಟ್ 2017ರಲ್ಲಿ ಯುನೆಸ್ಕೊ ಪಟ್ಟಿ ಸೇರಿವೆ. ಅವನ್ನು ನೋಡಲೇಬೇಕೆಂದಿದ್ದರೆ ಪ್ರಯಾಣವನ್ನು ಎರಡು ವಾರ ಹಿಂದಕ್ಕೆ ತಂದು, ಕೋಣೆಯನ್ನು ತಿಂಗಳುಗಟ್ಟಲೆ ಮೊದಲೇ ಹಿಡಿಯಬೇಕು. ಎರಡೂ ಸಣ್ಣ ಊರು, ಕೋಣೆಗಳು ಕಡಿಮೆ. ನೋಡುವ ಉದ್ದೇಶವಿಲ್ಲದಿದ್ದರೆ ಕಾರ್ನಿವಲ್ ಮುಗಿದ ಮೇಲಿನ ಎರಡು–ಮೂರು ವಾರ ಈ ಊರುಗಳು ಅತಿ ಶಾಂತವಾಗಿರುವ ಕಾಲ. ಮಾರ್ಚ್ 15 ಹಂಗೆರಿಯ ರಾಷ್ಟ್ರೀಯ ದಿನ, 1848ರ ಕ್ರಾಂತಿಯ ನೆನಪು; ಅಂದು ಬುಡಾಪೆಸ್ಟ್‌ನಲ್ಲಿ ಅಂಗಡಿಗಳು ಮುಚ್ಚಿ, ರಸ್ತೆಗಳಲ್ಲಿ ಸಭೆ ಮೆರವಣಿಗೆ ಇರುತ್ತವೆ. ಆಸ್ಟ್ರಿಯಾದ ಶಾಲೆಗಳ ಚಳಿಗಾಲದ ರಜೆ ಫೆಬ್ರವರಿಯಲ್ಲೇ ಪ್ರಾಂತ್ಯವಾರು ಮುಗಿದರೂ ಚೆಕ್ ಜಿಲ್ಲೆಗಳ ವಸಂತ ರಜೆ ಸರದಿಯ ಮೇಲೆ ಮಾರ್ಚ್‌ವರೆಗೆ ಎಳೆಯುತ್ತದೆ. ಹೀಗಾಗಿ ಶನಿವಾರದ ದೂರದ ರೈಲುಗಳಲ್ಲಿ ಸ್ಕೀ ಹಲಗೆ ಹೊತ್ತ ಕುಟುಂಬಗಳು ತುಂಬಿರುತ್ತವೆ. ನಮ್ಮ ಪಟ್ಟಿಯಲ್ಲಿ ಶನಿವಾರ ಊರು ಬದಲಿಸುವುದೇ ಇಲ್ಲ. ಇನ್ನೊಂದು: ಮಾರ್ಚ್ ಕೊನೆಯ ಭಾನುವಾರ ಬೆಳಗಿನ ಜಾವ 2 ಗಂಟೆಗೆ ಗಡಿಯಾರ 3ಕ್ಕೆ ಹಾರುತ್ತದೆ. ಆ ರಾತ್ರಿ ಮಲಗುವ ರೈಲಿನಲ್ಲಿದ್ದರೆ ತಲುಪುವ ಹೊತ್ತನ್ನು ಎರಡು ಸಲ ನೋಡಿ.

ರಾತ್ರಿಗಳ ಹಂಚಿಕೆ ಹೀಗೆ ನಿಂತಿತು: ಪ್ರಾಗ್ ಮೂರು, ಬ್ರಾತಿಸ್ಲಾವಾ ಒಂದು, ಬುಡಾಪೆಸ್ಟ್ ಮೂರು, ವಿಯೆನ್ನಾ ನಾಲ್ಕು, ಗ್ರಾಜ್ ಒಂದು, ಲ್ಯುಬ್ಲಿಯಾನಾ ಮೂರು, ಟ್ರಿಯೆಸ್ಟೆ ಎರಡು. ಇದರಲ್ಲಿ ಆಸ್ಟ್ರಿಯಾಕ್ಕೆ ಐದು ರಾತ್ರಿ ಬಂದದ್ದು ಆಕಸ್ಮಿಕವಲ್ಲ. ಭಾರತದ ಪಾಸ್‌ಪೋರ್ಟಿಗೆ ಷೆಂಗೆನ್ ವೀಸಾ, ಅಂದರೆ ಈ ಆರೂ ದೇಶ ಸೇರಿದ ಯುರೋಪಿನ ಒಕ್ಕೂಟಕ್ಕೆ ಸಾಕಾಗುವ ಒಂದೇ ವೀಸಾ ಬೇಕು. ಅರ್ಜಿ ಹಾಕಬೇಕಾದದ್ದು ಹೆಚ್ಚು ದಿನ ತಂಗುವ ದೇಶಕ್ಕೆ. ದಿನಗಳು ಸಮವಾದರೆ ಮೊದಲು ಕಾಲಿಡುವ ದೇಶಕ್ಕೆ. ಮೂರು ದೇಶಗಳಿಗೆ ಮೂರು ಮೂರು ರಾತ್ರಿ ಹಂಚಿದ ಪಟ್ಟಿ ಕೊಟ್ಟರೆ ಕೌಂಟರಿನಲ್ಲೇ ಪ್ರಶ್ನೆ ಏಳುತ್ತದೆ. ಯಾವ ದೇಶ ಮುಖ್ಯ ಎಂಬುದು ಹಾಳೆ ನೋಡಿದ ಕೂಡಲೇ ಕಾಣುವಂತೆ ಒಂದೆರಡು ರಾತ್ರಿ ಹೆಚ್ಚಿಡುವುದು ಒಳ್ಳೆಯದು. ಅರ್ಜಿಯನ್ನು ಹೊರಡುವ ಆರು ತಿಂಗಳಿಗಿಂತ ಮೊದಲು ಹಾಕುವಂತಿಲ್ಲ, 15 ದಿನಕ್ಕಿಂತ ತಡ ಮಾಡುವಂತಿಲ್ಲ. ಶುಲ್ಕ ದೊಡ್ಡವರಿಗೆ 90 ಯೂರೋ, ವಿಮೆ ಕನಿಷ್ಠ 30,000 ಯೂರೋ ಮೊತ್ತದ್ದು. ತೀರ್ಮಾನಕ್ಕೆ ಸಾಮಾನ್ಯವಾಗಿ 15 ದಿನ, ಕೆಲವೊಮ್ಮೆ 45 ದಿನದವರೆಗೂ ಎಳೆಯಬಹುದು.

ಕಾರಿಲ್ಲದ ಪ್ರಯಾಣಿಕರಿಗೆ ಇಲ್ಲೊಂದು ಇಕ್ಕಟ್ಟಿದೆ. ಅಗ್ಗದ ರೈಲು ಟಿಕೆಟ್ಟುಗಳು ಮೊದಲು ಕೊಂಡವರಿಗೆ, ಆದರೆ ಅವಕ್ಕೆ ಹಣ ವಾಪಸಿಲ್ಲ. ವೀಸಾ ಬರುವ ಮೊದಲು ಕೊಂಡರೆ ಅಪಾಯ, ಬಂದ ಮೇಲೆ ಕೊಂಡರೆ ಬೆಲೆ ಏರಿರುತ್ತದೆ. ನಮ್ಮ ಅಭಿಪ್ರಾಯ ಸ್ಪಷ್ಟ: ವೀಸಾ ಕೈಗೆ ಬರುವವರೆಗೆ ಒಂದೂ ರೈಲು ಟಿಕೆಟ್ ಕೊಳ್ಳಬೇಡಿ. ಅರ್ಜಿಯ ಜೊತೆ ರದ್ದು ಮಾಡಬಹುದಾದ ಕೋಣೆಗಳ ಬುಕಿಂಗ್ ಕೊಡಿ, ರೈಲುಗಳದ್ದು ದಿನಾಂಕ, ರೈಲಿನ ಸಂಖ್ಯೆ, ಹೊರಡುವ–ತಲುಪುವ ಹೊತ್ತು ಬರೆದ ಒಂದು ಪುಟ ಇರಲಿ. ಅರ್ಜಿಯನ್ನು ನವೆಂಬರಿನಲ್ಲೇ ಹಾಕಿದರೆ ಜನವರಿ ಆರಂಭಕ್ಕೆ ಟಿಕೆಟ್ ಕೊಳ್ಳಬಹುದು. ಫೆಬ್ರವರಿ–ಮಾರ್ಚ್‌ನ ವಾರದ ನಡುವಿನ ರೈಲುಗಳಿಗೆ ಆಗಲೂ ಕಡಿಮೆ ಬೆಲೆಯವು ಸಿಗುತ್ತವೆ. ಬೇಸಿಗೆಯಲ್ಲಿ ಇಷ್ಟು ನಿರಾಳವಾಗಿ ಹೇಳುವಂತಿಲ್ಲ. ಅಂದಹಾಗೆ ಪ್ರಾಗ್‌ನಲ್ಲಿ ಇಳಿದ ದಿನ ಬೇರೆ ಊರಿಗೆ ರೈಲು ಹಿಡಿಯುವ ಯೋಜನೆ ಬೇಡ. 2025ರ ಅಕ್ಟೋಬರ್ 12ರಿಂದ ಷೆಂಗೆನ್ ಗಡಿಯಲ್ಲಿ ಬೆರಳಚ್ಚು, ಮುಖಚಿತ್ರ ದಾಖಲಿಸುವ ಹೊಸ ವ್ಯವಸ್ಥೆ ಹಂತಹಂತವಾಗಿ ಬಂದಿದೆ. ಮೊದಲ ಸಲ ಒಳಬರುವವರ ಸಾಲು ನಿಧಾನ.

ಯುರೋಪಿನ ರೈಲು ವೇಳಾಪಟ್ಟಿ ವರ್ಷಕ್ಕೊಮ್ಮೆ, ಡಿಸೆಂಬರ್ ಎರಡನೇ ಶನಿವಾರದ ನಡುರಾತ್ರಿ ಬದಲಾಗುತ್ತದೆ. ಸೆಪ್ಟೆಂಬರಿನಲ್ಲಿ ಹುಡುಕಿ ಬರೆದಿಟ್ಟುಕೊಂಡ ಹೊತ್ತುಗಳನ್ನು ಫೆಬ್ರವರಿಗೆ ನಂಬುವಂತಿಲ್ಲ. ಹೊಸ ಪಟ್ಟಿಯ ಟಿಕೆಟ್ಟುಗಳು ಎಷ್ಟೋ ಸಲ ಶರತ್ಕಾಲದ ಕೊನೆಗಷ್ಟೇ ಮಾರಾಟಕ್ಕೆ ಬರುತ್ತವೆ. ಅಲ್ಲಿಯವರೆಗೆ ಜಾಲತಾಣ ಖಾಲಿ ತೋರಿಸಿದರೆ ರೈಲೇ ಇಲ್ಲವೆಂದಲ್ಲ. ಹುಡುಕುವುದಕ್ಕೆ ಜರ್ಮನ್ ರೈಲ್ವೆಯ ಡಿಬಿ ನ್ಯಾವಿಗೇಟರ್ ಚೆನ್ನ, ಆರೂ ದೇಶಗಳ ರೈಲುಗಳನ್ನು ಅದು ತೋರಿಸುತ್ತದೆ. ಚೆಕ್ ಮತ್ತು ಸ್ಲೊವಾಕಿಯಾದ ಬಸ್ಸು–ರೈಲು ಎರಡಕ್ಕೂ ಐಡಾಸ್ ಎಂಬ ಜಾಲತಾಣ. ಕೊಳ್ಳುವುದು ಮಾತ್ರ ಆಯಾ ದೇಶದ ರೈಲ್ವೆಯಿಂದಲೇ. ಗಡಿ ದಾಟುವ ಒಂದೇ ರೈಲಿಗೆ ಎರಡು ದೇಶದವರೂ ಟಿಕೆಟ್ ಮಾರುತ್ತಾರೆ, ಬೆಲೆ ಒಂದೇ ಇರುವುದಿಲ್ಲ. ಪ್ರಾಗ್–ವಿಯೆನ್ನಾ ಸೀಟನ್ನು ಚೆಕ್‌ನ ಚೆಸ್ಕೆ ದ್ರಾಹಿಯಲ್ಲೂ ಆಸ್ಟ್ರಿಯಾದ ಓಬಿಬಿಯಲ್ಲೂ ನೋಡಿ. ಬುಡಾಪೆಸ್ಟ್–ವಿಯೆನ್ನಾವನ್ನು ಹಂಗೆರಿಯ ಮಾವ್‌ನಲ್ಲೂ ಓಬಿಬಿಯಲ್ಲೂ ನೋಡಿ. ಒಂದು ಕಡೆ ಅಗ್ಗದ ಸೀಟು ಮುಗಿದಿದ್ದರೂ ಇನ್ನೊಂದು ಕಡೆ ಉಳಿದಿರುತ್ತದೆ. ಓಬಿಬಿಯ ಷ್ಪಾರ್‌ಷೀನೆ ಎಂಬ ಅಗ್ಗದ ಟಿಕೆಟ್ ಆ ದಿನದ ಆ ರೈಲಿಗೆ ಮಾತ್ರ. ಪ್ರಾಗ್‌ನಿಂದ ಹೊರಡುವ ಹಳದಿ ಬಣ್ಣದ ರೆಗಿಯೊಜೆಟ್ ರೈಲು ಖಾಸಗಿಯವರದ್ದು, ಅದರ ಟಿಕೆಟ್ ಸರ್ಕಾರಿ ರೈಲಿಗೆ ನಡೆಯುವುದಿಲ್ಲ, ಸರ್ಕಾರಿ ರೈಲಿನ ಟಿಕೆಟ್ ಇದಕ್ಕೂ ನಡೆಯುವುದಿಲ್ಲ. ಹಲವು ದೇಶಗಳ ರೈಲುಗಳಿಗೆ ಒಟ್ಟಾಗಿ ಕೊಳ್ಳುವ ಯುರೇಲ್ ಪಾಸ್ ಈ ದಾರಿಗೆ ಬೇಕೆನ್ನಿಸಲಿಲ್ಲ. ಇಲ್ಲಿನ ಹೆಚ್ಚಿನ ಪಯಣಗಳು ನಾಲ್ಕು ಗಂಟೆಯ ಒಳಗಿನವು, ಬಿಡಿ ಟಿಕೆಟ್ಟುಗಳೇ ಅಗ್ಗ.

ಎಲ್ಲಿ ಬಿಗಿ ಟಿಕೆಟ್, ಎಲ್ಲಿ ಸಡಿಲ ಟಿಕೆಟ್ ಎಂಬ ನಿರ್ಧಾರವೂ ವಿರಳ ದಾರಿಗಳ ಮೇಲೆಯೇ ನಿಂತಿದೆ. ಉದ್ದದ ನೇರ ರೈಲಿಗೆ ಅಗ್ಗದ, ಬದಲಿಸಲಾಗದ ಟಿಕೆಟ್. ರೈಲು ಬದಲಿಸಬೇಕಾದ ಕಡೆ ಎರಡೂ ಹಂತಕ್ಕೆ ಒಂದೇ ಟಿಕೆಟ್ ಸಿಗುತ್ತದೆಯೇ ನೋಡಿ. ಮೊದಲ ರೈಲು ತಡವಾಗಿ ಎರಡನೆಯದು ತಪ್ಪಿದರೆ, ಒಂದೇ ಟಿಕೆಟ್ ಇದ್ದವರನ್ನು ಮುಂದೆ ತಲುಪಿಸುವ ಹೊಣೆ ರೈಲ್ವೆಯದು. ಬೇರೆ ಬೇರೆ ಕೊಂಡಿದ್ದರೆ ನಷ್ಟ ನಮ್ಮದು. ಐರೋಪ್ಯ ಒಕ್ಕೂಟದ ನಿಯಮದಂತೆ 60ರಿಂದ 119 ನಿಮಿಷ ತಡವಾದರೆ ಟಿಕೆಟ್ ಬೆಲೆಯ 25%, 120 ನಿಮಿಷ ದಾಟಿದರೆ 50% ವಾಪಸ್ ಕೇಳಬಹುದು. ಸ್ಲೊವೇನಿಯಾದ ಒಳಗಿನ ಪ್ರಾದೇಶಿಕ ರೈಲುಗಳಿಗೆ ಮುಂಗಡ ಕೊಳ್ಳುವ ಅಗತ್ಯವೇ ಇಲ್ಲ.

ಇನ್ನು ಫಲಕಗಳ ಭಾಷೆ. ಇದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಸರಿಯಾದ ನಿಲ್ದಾಣದಲ್ಲಿ, ಸರಿಯಾದ ಹೊತ್ತಿಗೆ ನಿಂತೂ ರೈಲು ತಪ್ಪಿಸಿಕೊಳ್ಳುವುದು ಇದರಿಂದಲೇ. ನೆರೆಯ ಊರುಗಳಿಗೆ ಇಲ್ಲಿ ಪ್ರತಿಯೊಂದು ಭಾಷೆಗೂ ಅದರದ್ದೇ ಹೆಸರಿದೆ. ವಿಯೆನ್ನಾ ಜರ್ಮನ್‌ನಲ್ಲಿ ವೀನ್, ಚೆಕ್‌ನಲ್ಲಿ ವೀಡೆನ್, ಹಂಗೆರಿಯನ್‌ನಲ್ಲಿ ಬೇಚ್, ಸ್ಲೊವೇನ್‌ನಲ್ಲಿ ದುನಾಯ್. ಬ್ರಾತಿಸ್ಲಾವಾ ಹಂಗೆರಿಯವರಿಗೆ ಪೊಜೊನ್. ಗ್ರಾಜ್ ಸ್ಲೊವೇನ್‌ನಲ್ಲಿ ಗ್ರಾದೆತ್ಸ್, ಟ್ರಿಯೆಸ್ಟೆ ತ್ರ್‌ಸ್ತ್, ಫಿಲಾಹ್ ಬೆಲ್ಯಾಕ್, ಕ್ಲಾಗೆನ್‌ಫುರ್ಟ್ ತ್ಸೆಲೊವೆತ್ಸ್, ವೆನಿಸ್ ಬೆನೆತ್ಕೆ. ಲ್ಯುಬ್ಲಿಯಾನಾ ಜರ್ಮನ್‌ನಲ್ಲಿ ಲೈಬಾಹ್. ಪ್ರಯಾಣದ ಪುಟದಲ್ಲಿ ಪ್ರತಿ ಊರಿನ ಎದುರು ಹೊರಡುವ ನಿಲ್ದಾಣದ ಭಾಷೆಯ ಹೆಸರನ್ನು ಅಲ್ಲಿನ ಅಕ್ಷರದಲ್ಲೇ ಬರೆದುಕೊಳ್ಳಬೇಕು. ಅದಕ್ಕಿಂತ ಭದ್ರವಾದದ್ದು ರೈಲಿನ ಸಂಖ್ಯೆ. ಅದು ಹೆಚ್ಚಾಗಿ ಗಡಿ ದಾಟಿದರೂ ಬದಲಾಗುವುದಿಲ್ಲ.

ಚೆಕ್ ಮತ್ತು ಸ್ಲೊವಾಕ್ ನಿಲ್ದಾಣಗಳ ಫಲಕದಲ್ಲಿ ಎರಡು ಸಂಖ್ಯೆ ಕಾಣುತ್ತವೆ: ನಾಸ್ತುಪಿಷ್ಟೆ ಎಂದರೆ ಪ್ಲಾಟ್‌ಫಾರ್ಮ್, ಕೊಲೆಯ್ ಎಂದರೆ ಹಳಿ. ಎರಡನೇ ಸಂಖ್ಯೆಯನ್ನು ಪ್ಲಾಟ್‌ಫಾರ್ಮ್ ಎಂದು ಓದಿದರೆ ಬೇರೆಯೇ ಕಡೆ ನಿಲ್ಲುತ್ತೀರಿ. ಹಂಗೆರಿಯ ವಾಗಾನ್, ಆಸ್ಟ್ರಿಯಾದ ಗ್ಲೈಸ್, ಸ್ಲೊವೇನಿಯಾದ ತಿರ್, ಇಟಲಿಯ ಬಿನಾರಿಯೊ ಎಲ್ಲವೂ ಹಳಿಯ ಸಂಖ್ಯೆಗಳೇ. ರೈಲು ತಡವೆಂದು ತಿಳಿಸುವ ಪದಗಳು ಜರ್ಮನ್‌ನಲ್ಲಿ ಫೆರ್‌ಷ್ಪೇಟುಂಗ್, ಹಂಗೆರಿಯನ್‌ನಲ್ಲಿ ಕೇಷಿಕ್, ಸ್ಲೊವೇನ್‌ನಲ್ಲಿ ಜಮೂದಾ, ಇಟಾಲಿಯನ್‌ನಲ್ಲಿ ರಿಟಾರ್ಡೊ. ಎಲ್ಲಕ್ಕಿಂತ ಮುಖ್ಯವಾದ ಪದ ದುರಸ್ತಿಯಿಂದ ರೈಲು ನಿಂತು ಬದಲಿ ಬಸ್ಸು ಓಡುತ್ತಿದೆ ಎಂಬುದಕ್ಕೆ: ಚೆಕ್, ಸ್ಲೊವಾಕ್‌ನಲ್ಲಿ ವೀಲುಕಾ, ಹಂಗೆರಿಯಲ್ಲಿ ಪೋಟ್ಲೋಬುಸ್, ಸ್ಲೊವೇನಿಯಾದಲ್ಲಿ ನದೊಮೆಸ್ಟ್ನಿ ಪ್ರೆವೋಜ್. ಈ ಪದ ಕಂಡ ಕೂಡಲೇ ಆ ಹಂತಕ್ಕೆ 40 ನಿಮಿಷ ಹೆಚ್ಚು ಸೇರಿಸಿ, ಬಸ್ಸು ನಿಲ್ಲುವುದು ನಿಲ್ದಾಣದ ಯಾವ ಬದಿಯಲ್ಲಿ ಎಂದು ಟಿಕೆಟ್ ಕಿಟಕಿಯಲ್ಲಿ ಕೇಳಿ.

ವೇಳಾಪಟ್ಟಿಯ ಚಿಹ್ನೆಗಳಲ್ಲೂ ಎಡವುವ ಜಾಗವೊಂದಿದೆ. ಚೆಕ್ ಪಟ್ಟಿಯಲ್ಲಿ ಅಡ್ಡಡ್ಡ ಇಟ್ಟ ಎರಡು ಸುತ್ತಿಗೆ ಇದ್ದರೆ ಕೆಲಸದ ದಿನ, ಶಿಲುಬೆ ಇದ್ದರೆ ಭಾನುವಾರ ಮತ್ತು ಸರ್ಕಾರಿ ರಜೆ. ಆಸ್ಟ್ರಿಯಾದಲ್ಲಿ ವೆರ್ಕ್‌ಟಾಗ್ಸ್ ಎಂದಿದ್ದರೆ ಶನಿವಾರವೂ ಸೇರುತ್ತದೆ, ಚೆಕ್‌ನ ಸುತ್ತಿಗೆಯಲ್ಲಿ ಶನಿವಾರ ಸೇರುವುದಿಲ್ಲ. ಹಳ್ಳಿಯ ಕಡೆಯ ಬಸ್ಸುಗಳಲ್ಲಿ ಎಷ್ಟೋ ಶಾಲೆಯ ದಿನಗಳಲ್ಲಿ ಮಾತ್ರ ಓಡುವಂಥವು. ರಜೆಯ ವಾರದಲ್ಲಿ ಅದೇ ಬಸ್ಸಿಗೆ ಕಾದು ನಿಂತರೆ ಬರುವುದಿಲ್ಲ. ಕೊನೆಯ ಬಸ್ಸು ಅಥವಾ ರೈಲಿನ ಮೇಲೆ ಯಾವ ದಿನವನ್ನೂ ಕಟ್ಟಬೇಡಿ. ಕೊನೆಯದಕ್ಕಿಂತ ಹಿಂದಿನದನ್ನು ಹಿಡಿಯುವಂತೆ ಯೋಜಿಸಿ, ಕೊನೆಯದು ಕಾಪಿಟ್ಟ ಗಂಟು.

ದಿನದ ಲೆಕ್ಕ ಹೀಗೆ: ಬೆಳಿಗ್ಗೆ 9.30ರಿಂದ 11ರ ನಡುವೆ ಹೊರಟು ಮಧ್ಯಾಹ್ನ 3ರೊಳಗೆ ತಲುಪುವುದು. ಅದಕ್ಕೂ ಬೇಗ ಹೊರಟರೆ ಪಾದಚಾರಿ ದಾರಿಯ ಮೇಲೆ ಗಾಜಿನಂಥ ಮಂಜುಗಡ್ಡೆ. ಚಳಿಗಾಲದ ಕೊನೆಯಲ್ಲಿ ಹಗಲು ಕರಗಿದ ನೀರು ರಾತ್ರಿ ಮತ್ತೆ ಹೆಪ್ಪುಗಟ್ಟುತ್ತದೆ. ಹೊಸ ಹಿಮಕ್ಕಿಂತ ಜಾರುವುದು ಇದೇ. ತಡವಾಗಿ ತಲುಪಿದರೆ ಗೊತ್ತಿಲ್ಲದ ಊರಲ್ಲಿ ಕತ್ತಲು. ಕೋಣೆಗಳು ನಿಲ್ದಾಣದಿಂದ ನಡೆದು 15 ನಿಮಿಷದೊಳಗೆ ಇರಲಿ, ಅಥವಾ ಒಂದೇ ಟ್ರಾಮ್, ಒಂದೇ ಮೆಟ್ರೊ ದೂರದಲ್ಲಿರಲಿ. ಚೀಲ ಒಂಬತ್ತು ಕೆಜಿ ದಾಟಬಾರದು. ಸ್ಲೊವೇನಿಯಾ, ಹಂಗೆರಿಯ ಹಳೆಯ ಬೋಗಿಗಳಿಗೆ ತಗ್ಗಿನ ಪ್ಲಾಟ್‌ಫಾರ್ಮಿನಿಂದ ಎರಡು–ಮೂರು ಕಡಿದಾದ ಮೆಟ್ಟಿಲು ಹತ್ತಬೇಕು, ಹಾಗೂ ಜಾರದಿರಲೆಂದು ಹಾದಿಗೆ ಚೆಲ್ಲಿದ ಜಲ್ಲಿಯಲ್ಲಿ ಚಕ್ರದ ಪೆಟ್ಟಿಗೆ ಓಡುವುದಿಲ್ಲ. ದಪ್ಪ ಕೋಟು ಒಂದರ ಬದಲು ಉಣ್ಣೆಯ ಒಳಂಗಿ ಎರಡು, ಒಂದು ಸ್ವೆಟರ್, ಗಾಳಿ–ಮಳೆ ತಡೆಯುವ ಹೊರ ಅಂಗಿ ಸಾಕು. ರೈಲಿನೊಳಗೆ ಸೆಕೆಯೇ ಇರುತ್ತದೆ. ಶೂಗೆ ಸಿಕ್ಕಿಸುವ ರಬ್ಬರಿನ ಮುಳ್ಳುಪಟ್ಟಿ 200 ಗ್ರಾಂ ತೂಗಬಹುದು, ಸ್ಲೊವೇನಿಯಾದ ಬ್ಲೆಡ್ ಸರೋವರದ ದಂಡೆಯ ಬೆಳಗಿನ ನಡಿಗೆಗೆ ಅದು ಬೇಕು.

ಈಗ ಹಂತಗಳು. ಪ್ರಾಗ್‌ನಿಂದ ಬ್ರ್ನೊ ಮೂಲಕ ಬ್ರಾತಿಸ್ಲಾವಾಕ್ಕೆ ಸುಮಾರು ನಾಲ್ಕು ಗಂಟೆ, ಸರಳ. ಬ್ರಾತಿಸ್ಲಾವಾದಿಂದ ಬುಡಾಪೆಸ್ಟ್‌ಗೆ ಎರಡೂವರೆ ಗಂಟೆ. ಬಲಬದಿಯ ಕಿಟಕಿ ಹಿಡಿಯಿರಿ. ಗಡಿ ದಾಟಿ ಸೊಬ್‌ನಿಂದ ವಾಟ್ಸ್‌ವರೆಗೆ ಡ್ಯಾನ್ಯೂಬ್ ನದಿ ಹಳಿಯ ಪಕ್ಕದಲ್ಲೇ ಹರಿಯುತ್ತದೆ, ಎಲೆ ಉದುರಿದ ಮರಗಳ ನಡುವೆ ಈ ಕಾಲದಲ್ಲಿ ಕಾಣುವಷ್ಟು ಚೆನ್ನಾಗಿ ಬೇಸಿಗೆಯಲ್ಲಿ ಕಾಣುವುದಿಲ್ಲ. ಇದಕ್ಕೆ ಸ್ವಲ್ಪ ಮೊದಲು ಸ್ಲೊವಾಕಿಯಾದ ಕೊನೆಯ ಊರು ಶ್ತೂರೊವೊ, ನದಿಯ ಆಚೆ ಹಂಗೆರಿಯ ಎಸ್ಟರ್‌ಗೊಮ್. ನಡುವಿನ ಮಾರಿಯಾ ವಲೇರಿಯಾ ಸೇತುವೆ 1944ರಲ್ಲಿ ಸ್ಫೋಟಕ್ಕೆ ಬಿದ್ದು, 2001ರಲ್ಲಿ ಮತ್ತೆ ಎದ್ದು ನಿಂತದ್ದು. ಅದರ ಮೇಲೆ ನಡೆದು ದೇಶ ಬದಲಿಸಬಹುದು, ಎದುರಿಗೆ ಹಂಗೆರಿಯ ಅತಿ ದೊಡ್ಡ ಚರ್ಚಿನ ಗುಮ್ಮಟ. ನಕ್ಷೆಯಲ್ಲಿ ಇದು ದಾರಿಯಲ್ಲೇ ಇದೆ ಅನ್ನಿಸಿ ಚೀಲ ಹೊತ್ತೇ ಮಾಡೋಣ ಎಂಬ ಆಸೆ ಬರುತ್ತದೆ. ಬೇಡ. ಶ್ತೂರೊವೊ ರೈಲು ನಿಲ್ದಾಣ ಊರಿನಿಂದ ದೂರ, ಎಸ್ಟರ್‌ಗೊಮ್‌ನದ್ದೂ ಅಷ್ಟೇ. ಎರಡೂ ಸೇರಿದರೆ ಹೆಚ್ಚುಕಮ್ಮಿ ಆರು ಕಿಲೋಮೀಟರ್ ನಡಿಗೆ. ಬುಡಾಪೆಸ್ಟ್‌ನಲ್ಲಿ ಚೀಲ ಇಟ್ಟು, ಒಂದು ದಿನ ನ್ಯುಗತಿ ನಿಲ್ದಾಣದಿಂದ ಎಸ್ಟರ್‌ಗೊಮ್‌ಗೆ ಸ್ಥಳೀಯ ರೈಲಿನಲ್ಲಿ ಹೋಗಿ, ಸೇತುವೆ ದಾಟಿ ಸ್ಲೊವಾಕಿಯಾದಲ್ಲಿ ಊಟ ಮಾಡಿ ವಾಪಸ್ ಬರುವುದು ಉತ್ತಮ. ಪಾಸ್‌ಪೋರ್ಟ್ ಜೇಬಿನಲ್ಲಿರಲಿ, ವೀಸಾ ಬಹುಪ್ರವೇಶದ್ದೇ ಆಗಬೇಕೆಂದಿಲ್ಲ. ಷೆಂಗೆನ್ ಒಳಗಿನ ಗಡಿ ಲೆಕ್ಕಕ್ಕೆ ಬರುವುದಿಲ್ಲ.

ಬುಡಾಪೆಸ್ಟ್‌ನಲ್ಲಿ ದೊಡ್ಡ ನಿಲ್ದಾಣಗಳು ಒಂದಕ್ಕಿಂತ ಹೆಚ್ಚು: ಕೆಲೆತಿ, ನ್ಯುಗತಿ, ದೇಲಿ, ಕೆಲೆನ್‌ಫೋಲ್ಡ್. ಬ್ರಾತಿಸ್ಲಾವಾ ಕಡೆಯ ರೈಲುಗಳಲ್ಲಿ ಹೆಚ್ಚಿನವು ನ್ಯುಗತಿಗೆ, ವಿಯೆನ್ನಾಕ್ಕೆ ಹೋಗುವ ವೇಗದ ರೈಲು ರೈಲ್‌ಜೆಟ್ ಕೆಲೆತಿಯಿಂದ. ಟಿಕೆಟ್ಟಿನಲ್ಲಿ ಬರೀ ಬುಡಾಪೆಸ್ಟ್ ಎಂದು ಓದಿ ಸುಮ್ಮನಾಗಬೇಡಿ. ಇಲ್ಲಿ ಚಳಿಯೇ ಅನುಕೂಲವಾಗುವ ಜಾಗ 1913ರ ಸೇಚೆನಿ ಸ್ನಾನಗೃಹ: ತೆರೆದ ಬಿಸಿನೀರಿನ ಕೊಳದ ಮೇಲೆ ಹಬೆ ಏಳುವುದು ಇಂಥ ತಂಪಿನಲ್ಲೇ. ಗೆಲೆರ್ತ್ ಸ್ನಾನಗೃಹ ನವೀಕರಣಕ್ಕೆಂದು 2025ರ ಅಕ್ಟೋಬರಿನಲ್ಲಿ ಮುಚ್ಚಿದೆ, ಹಳೆಯ ಕೈಪಿಡಿ ನಂಬಿ ಹೋಗಬೇಡಿ.

ಋತುವಿಗೆ ಮುಚ್ಚಿರುವವುಗಳ ಪಟ್ಟಿಯನ್ನು ಮೊದಲೇ ಮಾಡಿಕೊಂಡರೆ ಬೇಸರ ತಪ್ಪುತ್ತದೆ. ವಿಯೆನ್ನಾ–ಬ್ರಾತಿಸ್ಲಾವಾ ನಡುವಿನ ವೇಗದ ದೋಣಿ ಚಳಿಗಾಲದಲ್ಲಿ ಇಲ್ಲ. ಬ್ಲೆಡ್ ಬಳಿಯ ವಿಂತ್‌ಗರ್ ಕಮರಿ ವಸಂತದವರೆಗೆ ಬೀಗ. ಸ್ಲೊವಾಕಿಯಾದ ಎತ್ತರದ ತಾತ್ರಾ ಬೆಟ್ಟಗಳ ಮೇಲಿನ ಹಾದಿಗಳು ನವೆಂಬರಿನಿಂದ ಬೇಸಿಗೆಯ ಹೊಸ್ತಿಲವರೆಗೆ ಕಾನೂನಿನಂತೆಯೇ ಬಂದ್. ಅದಕ್ಕೇ ಈ ಪಟ್ಟಿಯಲ್ಲಿ ತಾತ್ರಾ ಇಲ್ಲ. ಗುಹೆಗಳು ಮಾತ್ರ ತೆರೆದಿರುತ್ತವೆ, ಸ್ಲೊವೇನಿಯಾದ ಪೊಸ್ತೊಯ್ನಾ ಗುಹೆಯೊಳಗೆ ವರ್ಷವಿಡೀ ಸುಮಾರು 10 ಡಿಗ್ರಿ. ಆದರೆ ಚಳಿಗಾಲದಲ್ಲಿ ಪ್ರವೇಶದ ಸರದಿಗಳು ಕಡಿಮೆ, ರೈಲಿನ ಹೊತ್ತಿಗೆ ಅವು ಹೊಂದುತ್ತವೆಯೇ ನೋಡಿಕೊಂಡೇ ಹೊರಡಬೇಕು. ವಿಯೆನ್ನಾದ ಕುನ್ಸ್ಟ್‌ಹಿಸ್ಟೋರಿಷೆಸ್ ಸಂಗ್ರಹಾಲಯಕ್ಕೆ ಸೆಪ್ಟೆಂಬರಿನಿಂದ ಮೇವರೆಗೆ ಸೋಮವಾರ ರಜೆ. ಭಾನುವಾರ ಆಸ್ಟ್ರಿಯಾ, ಸ್ಲೊವೇನಿಯಾಗಳಲ್ಲಿ ಸೂಪರ್‌ಮಾರ್ಕೆಟ್ ಮುಚ್ಚಿರುತ್ತವೆ, ದೊಡ್ಡ ನಿಲ್ದಾಣಗಳ ಒಳಗಿನವು ಬಿಟ್ಟು; ಶನಿವಾರ ಸಂಜೆಯೇ ಬುತ್ತಿಗೆ ಕೊಂಡಿಡಬೇಕು. ಸಸ್ಯಾಹಾರಿಗಳಿಗೆ ಚೆಕ್‌ನಲ್ಲಿ ಕರಿದ ಗಿಣ್ಣು ಸ್ಮಜೆನಿ ಸೀರ್, ಹಂಗೆರಿಯಲ್ಲಿ ಲಾಂಗೋಶ್, ಸ್ಲೊವೇನಿಯಾದಲ್ಲಿ ಶ್ತ್ರುಕ್ಲಿ ಸುಲಭ. ಸ್ಲೊವಾಕಿಯಾದ ಬ್ರಿಂದ್ಜೊವೆ ಹಲುಶ್ಕಿ ಮೇಲೆ ಹಂದಿಯ ಕೊಬ್ಬಿನ ಚೂರು ಹಾಕುತ್ತಾರೆ, ಬೇಡವೆಂದು ಮೊದಲೇ ಹೇಳಿ. ಹಣದ ವಿಷಯ ಚಿಕ್ಕದು: ಚೆಕ್‌ಗೆ ಕೊರುನಾ, ಹಂಗೆರಿಗೆ ಫೊರಿಂಟ್, ಉಳಿದ ನಾಲ್ಕಕ್ಕೂ ಯೂರೋ. ಎಟಿಎಂ ನಿಮ್ಮ ಸ್ವಂತ ಕರೆನ್ಸಿಯಲ್ಲಿ ಲೆಕ್ಕ ಹಾಕಿಕೊಡಲೇ ಎಂದು ಕೇಳಿದರೆ ನಿರಾಕರಿಸಿ, ಸ್ಥಳೀಯ ಹಣದಲ್ಲೇ ತೆಗೆಯಿರಿ. ಇಲ್ಲದಿದ್ದರೆ ವಿನಿಮಯ ದರದಲ್ಲೇ ಹಣ ಸೋರುತ್ತದೆ. ಶೌಚಾಲಯಕ್ಕೆ, ಲಾಕರ್‌ಗೆ ನಾಣ್ಯ ಉಳಿಸಿಕೊಳ್ಳಿ.

ವಿಯೆನ್ನಾದಿಂದ ಗ್ರಾಜ್‌ಗೆ ಎರಡು ಗಂಟೆ ನಲವತ್ತು ನಿಮಿಷದ ದಾರಿ ಈ ಪ್ರಯಾಣದ ಉತ್ತಮ ಭಾಗಗಳಲ್ಲೊಂದು. ಗ್ಲಾಗ್‌ನಿಟ್ಸ್‌ನಿಂದ ಮ್ಯುರ್ಜ್‌ತ್ಸುಷ್ಲಾಗ್‌ವರೆಗಿನ 41 ಕಿಲೋಮೀಟರ್ ಸೆಮರಿಂಗ್ ರೈಲು ಮಾರ್ಗ ಕಾರ್ಲ್ ಗೇಗಾ ಅವರ ನೇತೃತ್ವದಲ್ಲಿ ಕಟ್ಟಿ 1854ರಲ್ಲಿ ತೆರೆದದ್ದು. 16 ಕಲ್ಲಿನ ಸೇತುವೆ, 14 ಸುರಂಗ. 1998ರಲ್ಲಿ ವಿಶ್ವ ಪರಂಪರೆ ಪಟ್ಟಿಗೆ ಸೇರಿತು. ತಿರುವುಗಳು ಬಿಗಿಯಾದ್ದರಿಂದ ರೈಲ್‌ಜೆಟ್ ಕೂಡ ಇಲ್ಲಿ ಮೆಲ್ಲಗೆ ಸಾಗುತ್ತದೆ, ಮಾರ್ಚ್‌ನಲ್ಲೂ ಮೇಲ್ಗಡೆ ಹಿಮ ಉಳಿದಿರುತ್ತದೆ. ಅಡಿಯಲ್ಲಿ 27 ಕಿಲೋಮೀಟರಿನ ಹೊಸ ಸುರಂಗ ತಯಾರಾಗುತ್ತಿದೆ. ಅದು ತೆರೆದ ಮೇಲೆ ವೇಗದ ರೈಲುಗಳು ಈ ಬೆಟ್ಟ ಹತ್ತುವುದಿಲ್ಲ. ಕತ್ತಲಲ್ಲಿ ಇದನ್ನು ದಾಟುವುದು ನಷ್ಟ. ಗ್ರಾಜ್‌ನಲ್ಲಿ ಒಂದು ರಾತ್ರಿ ಇಟ್ಟದ್ದಕ್ಕೆ ಕಾರಣವೂ ಇದೇ: ಬೆಟ್ಟ ಹಗಲಲ್ಲಿ, ಮರುದಿನ ಬೆಳಿಗ್ಗೆ ವಿರಳವಾದ ಗಡಿ ರೈಲು ನಿದ್ದೆ ಮುಗಿಸಿ.

ಗ್ರಾಜ್–ಮಾರಿಬೊರ್ ದೂರ ಒಂದು ಗಂಟೆಯದ್ದು, ಗಡಿ ಷ್ಪೀಲ್‌ಫೆಲ್ಡ್. ನೇರ ರೈಲು ಹಿಡಿಯಿರಿ; ಅದು ತಪ್ಪಿದರೆ ಪ್ರಾದೇಶಿಕ ರೈಲಿನಲ್ಲಿ ಷ್ಪೀಲ್‌ಫೆಲ್ಡ್‌ವರೆಗೆ ಹೋಗಿ ಅಲ್ಲಿ ಕಾಯಬೇಕು. ಆಸ್ಟ್ರಿಯಾ 2015ರಿಂದ ಸ್ಲೊವೇನಿಯಾ, ಹಂಗೆರಿ ಗಡಿಗಳಲ್ಲಿ ತಾತ್ಕಾಲಿಕ ತಪಾಸಣೆಯನ್ನು ಮತ್ತೆ ಮತ್ತೆ ವಿಸ್ತರಿಸುತ್ತ ಬಂದಿದೆ, ಹಾಗಾಗಿ ಪಾಸ್‌ಪೋರ್ಟ್ ಚೀಲದ ತಳದಲ್ಲಿ ಬೇಡ. ಮಾರಿಬೊರ್‌ನಲ್ಲಿ ಎರಡು–ಮೂರು ಗಂಟೆ ಇಳಿದು, ನಾನೂರು ವರ್ಷ ದಾಟಿಯೂ ಇನ್ನೂ ಹಣ್ಣು ಬಿಡುವ ದ್ರಾಕ್ಷಿ ಬಳ್ಳಿಯನ್ನು ದ್ರಾವಾ ದಂಡೆಯಲ್ಲಿ ನೋಡಿ, ಲ್ಯುಬ್ಲಿಯಾನಾ ರೈಲು ಹತ್ತಬಹುದು.

ಕೊನೆಯ ವಿರಳ ದಾರಿ ಬೋಹಿನ್ಯ್ ಮಾರ್ಗ, ಇಡೀ ಯೋಜನೆ ಶುರುವಾದದ್ದು ಇದರಿಂದ. ಲ್ಯುಬ್ಲಿಯಾನಾದಿಂದ ಯೆಸೆನಿತ್ಸೆಗೆ ಹೋಗಿ ಅಲ್ಲಿ ರೈಲು ಬದಲಿಸಬೇಕು. 1906ರಲ್ಲಿ ತೆರೆದ ಈ ಒಂಟಿ ಹಳಿ ಬ್ಲೆಡ್ ಸರೋವರದ ಪಶ್ಚಿಮ ದಂಡೆ ಹಾದು, ಆರು ಕಿಲೋಮೀಟರಿಗೂ ಉದ್ದದ ಸುರಂಗ ದಾಟಿ, ಸೋಚಾ ನದಿಯ ಕಣಿವೆಗೆ ಇಳಿಯುತ್ತದೆ. ಬ್ಲೆಡ್‌ಗೆ ಎರಡು ನಿಲ್ದಾಣ: ಲೆಸ್ತ್ಸೆ-ಬ್ಲೆಡ್ ಮುಖ್ಯ ಮಾರ್ಗದಲ್ಲಿ, ಸರೋವರದಿಂದ ನಾಲ್ಕು ಕಿಲೋಮೀಟರ್, ಬ್ಲೆಡ್ ಯೆಜೆರೊ ಈ ಮಾರ್ಗದಲ್ಲಿ, ದಂಡೆಯ ಮೇಲೆಯೇ. ಬೆಳಿಗ್ಗೆ ಬ್ಲೆಡ್ ಯೆಜೆರೊದಲ್ಲಿ ಇಳಿದು, ಸರೋವರದ ಸುತ್ತ ಆರು ಕಿಲೋಮೀಟರ್ ನಡೆದು, ಮಧ್ಯಾಹ್ನದ ರೈಲಿಗೆ ಮತ್ತೆ ಅಲ್ಲೇ ಹತ್ತುವುದು ಚೆನ್ನಾದ ಹೊಂದಾಣಿಕೆ, ಆದರೆ ಮಧ್ಯಾಹ್ನದ ಆ ರೈಲು ಅಂದು ಓಡುತ್ತದೆಯೇ ಎಂದು ಹಿಂದಿನ ಸಂಜೆ ನೋಡಲೇಬೇಕು. ಸ್ಲೊವೇನಿಯಾದಲ್ಲಿ ಹಳಿ ದುರಸ್ತಿ ಆಗಾಗ ಇರುತ್ತದೆ. ಒಂಟಿ ಹಳಿಯಾದ್ದರಿಂದ ಒಂದು ರೈಲು ತಡವಾದರೆ ಎದುರಿನದೂ ಕಾಯುತ್ತದೆ. ನೋವಾ ಗೊರಿತ್ಸಾ ಮುಟ್ಟುವ ಸ್ವಲ್ಪ ಮೊದಲು ರೈಲು ಸೊಲ್ಕಾನ್ ಸೇತುವೆ ದಾಟುತ್ತದೆ: 85 ಮೀಟರ್ ಕಮಾನು, ಜಗತ್ತಿನ ರೈಲು ಸೇತುವೆಗಳಲ್ಲಿ ಕಲ್ಲಿನ ಅತಿ ದೊಡ್ಡ ಕಮಾನು. 1916ರಲ್ಲಿ ಯುದ್ಧದಲ್ಲಿ ಒಡೆದು, 1927ರಲ್ಲಿ ಮತ್ತೆ ಕಟ್ಟಿದ್ದು. ಮೇಲಿರುವಾಗ ಕಾಣುವುದು ಕೆಳಗಿನ ಹಸಿರು ನೀರು ಮಾತ್ರ. ಕಮಾನು ನೋಡಬೇಕಾದರೆ ಇಳಿದ ಮೇಲೆ ಹಿಂದಕ್ಕೆ ನಡೆಯಬೇಕು.

ನೋವಾ ಗೊರಿತ್ಸಾ ನಿಲ್ದಾಣದ ಬಾಗಿಲು ದಾಟಿದರೆ ಎದುರಿನ ಚೌಕದ ನಡುವೆಯೇ ಇಟಲಿಯ ಗಡಿ. ಬೇಲಿಯನ್ನು 2004ರಲ್ಲಿ ಕಿತ್ತರು, ಈಗ ನೆಲದ ಮೇಲೆ ಒಂದು ವೃತ್ತಾಕಾರದ ಗುರುತು ಉಳಿದಿದೆ. ಟ್ರಿಯೆಸ್ಟೆ ರೈಲು ಸಿಗುವುದು ಆಚೆಯ ಊರಿನ ಗೊರಿಜಿಯಾ ಸೆಂತ್ರಾಲೆಯಲ್ಲಿ, ಅದು ಊರಿನ ಇನ್ನೊಂದು ತುದಿಗೆ, ಮೂರು–ನಾಲ್ಕು ಕಿಲೋಮೀಟರ್. ಈ ನಡುವಿನ ತುಂಡು ಯಾವ ರೈಲಿನ ಹುಡುಕಾಟದಲ್ಲೂ ಸರಿಯಾಗಿ ಬರುವುದಿಲ್ಲ; ನಗರ ಬಸ್ಸಿದೆ, ನಡೆದರೆ ಒಂದು ಗಂಟೆ ಇಟ್ಟುಕೊಳ್ಳಿ. ಸಂಜೆ 5ರೊಳಗೆ ಇಲ್ಲಿ ಇಳಿಯುವಂಥ ರೈಲನ್ನೇ ಯೆಸೆನಿತ್ಸೆಯಲ್ಲಿ ಹತ್ತಬೇಕು, ಆಗ ಬೆಳಕಿರುವಾಗಲೇ ಊರು ದಾಟಬಹುದು. ಇಟಲಿಯ ಪ್ರಾದೇಶಿಕ ರೈಲಿಗೆ ಕಾಗದದ ಟಿಕೆಟ್ ಕೊಂಡರೆ ಹತ್ತುವ ಮೊದಲು ಯಂತ್ರದಲ್ಲಿ ಮುದ್ರೆ ಹಾಕಿಸಿ. ಬೋಹಿನ್ಯ್ ಮಾರ್ಗ ಅಂದು ನಿಂತಿದ್ದರೆ ಪರ್ಯಾಯ ಲ್ಯುಬ್ಲಿಯಾನಾ–ಸೆಜಾನಾ–ವಿಲ್ಲಾ ಒಪಿಚಿನಾ ದಾರಿ. ಅದರ ವೇಳಾಪಟ್ಟಿಯೂ ಅದೇ ಪುಟದ ಹಿಂಬದಿಯಲ್ಲಿರಲಿ. 2014ರ ಫೆಬ್ರವರಿ ಆರಂಭದಲ್ಲಿ ಹೆಪ್ಪುಮಳೆ, ಅಂದರೆ ತಾಗಿದ ಕೂಡಲೇ ಮಂಜುಗಡ್ಡೆಯಾಗುವ ಮಳೆ ಬಿದ್ದು ಪೊಸ್ತೊಯ್ನಾ ಸುತ್ತ ರೈಲಿನ ವಿದ್ಯುತ್ ತಂತಿಗಳೇ ಕುಸಿದಿದ್ದವು. ಈ ಪ್ರದೇಶದಲ್ಲಿ ಹವಾಮಾನ ಮುನ್ಸೂಚನೆಯಲ್ಲಿ ಹಿಮಕ್ಕಿಂತ ಆ ಪದವನ್ನು ಹುಡುಕಿ.

ಟ್ರಿಯೆಸ್ಟೆಯಲ್ಲಿ ಎರಡು ರಾತ್ರಿ ಇಟ್ಟದ್ದರಲ್ಲಿ ಒಂದು ತಡವಾದರೆ ತುಂಬಿಕೊಳ್ಳಲು. ಬೆಟ್ಟದಿಂದ ಸಮುದ್ರಕ್ಕೆ ಬೀಸುವ ಬೋರಾ ಗಾಳಿ ಚಳಿಗಾಲದಲ್ಲಿ ಜೋರು. ಅಂಥ ದಿನ ಛತ್ರಿ ಬಿಚ್ಚುವಂತಿಲ್ಲ, ಮೋಲೊ ಔದಾಚೆ ಕಟ್ಟೆಯ ತುದಿಗೆ ಹೋಗುವುದು ಅಪಾಯ. ವಿಮಾನ ನಿಲ್ದಾಣ ರೊಂಕಿಯಲ್ಲಿದೆ, ರೈಲು ನಿಲ್ದಾಣದಿಂದ ಮೇಲ್ಸೇತುವೆಯಲ್ಲಿ ನಡೆದೇ ಹೋಗಬಹುದು. ವೆನಿಸ್‌ನಿಂದ ಹೊರಡುವವರು ರೈಲಿಗೆ ಎರಡು ಗಂಟೆ, ಅಲ್ಲಿಂದ ವಿಮಾನ ನಿಲ್ದಾಣಕ್ಕೆ ಬಸ್ಸು ಬೇರೆ ಎಂದು ಲೆಕ್ಕ ಹಿಡಿದು, ಮಧ್ಯಾಹ್ನದ ನಂತರದ ವಿಮಾನವನ್ನೇ ಆರಿಸಿಕೊಳ್ಳಿ.